ಹಿತ್ತಾಳಿ ಬಿಜಾಗ್ರಿ, ಕಬ್ಬಿಣದ ಸ್ಕ್ರೂ

ಹೊಸ ಬಾಗಿಲಿಗೆ ಸಾಮಾನು ತಂದವರ ಚೀಲ ಬಿಚ್ಚಿದಾಗ ನಾನು ಮೊದಲು ಕೈಗೆತ್ತಿಕೊಳ್ಳುವುದು ಸ್ಕ್ರೂಗಳ ಪುಡಿಕೆ. ಬಿಜಾಗ್ರಿ, ಅಂದರೆ ಬಾಗಿಲು ತಿರುಗುವ ಕೀಲು, ಆಮೇಲೆ. ಜೇಬಿನಲ್ಲಿ ಯಾವಾಗಲೂ ಒಂದು ಮ್ಯಾಗ್ನೆಟ್ ಇರುತ್ತದೆ, ಕೆಟ್ಟ ಸ್ಪೀಕರಿನಿಂದ ಬಿಚ್ಚಿಕೊಂಡದ್ದು. ಪುಡಿಕೆಯ ಹತ್ತಿರ ಹಿಡಿದರೆ ಬಹಳ ಸಲ ಸ್ಕ್ರೂಗಳೆಲ್ಲ ಟಪಟಪ ಅಂತ ಹಾರಿ ಅಂಟಿಕೊಳ್ಳುತ್ತವೆ. ಮೇಲೆ ಹಳದಿ ಬಣ್ಣ, ಒಳಗೆ ಕಬ್ಬಿಣ. ಬಿಜಾಗ್ರಿಗೆ ಕೈತುಂಬ ರೊಕ್ಕ ಕೊಟ್ಟಿರುತ್ತಾರೆ, ಸ್ಕ್ರೂ ಮಾತ್ರ ಅಂಗಡಿಯವ ‘ಫ್ರೀ’ ಅಂತ ಸೇರಿಸಿ ಕಟ್ಟಿರುತ್ತಾನೆ.

ನಾನು ಧಾರವಾಡದ ಹೊಸಯಲ್ಲಾಪುರದವ. ಅಪ್ಪನ ಕೈಕೆಳಗೆ ಉಳಿ ಹಿಡಿದು ಮೂವತ್ತು ವರ್ಷದ ಮೇಲಾಯಿತು. ಹಿತ್ತಾಳಿ ಸಾಮಾನು ಕೆಟ್ಟಿತು ಅಂತ ನನ್ನನ್ನು ಕರೆಸಿದ ಮನೆಗಳಲ್ಲಿ ಹಿತ್ತಾಳಿ ತಾನಾಗಿ ಕೆಟ್ಟದ್ದು ಬಹಳ ಕಡಿಮೆ. ಮಗ್ಗುಲಲ್ಲಿ ಕೂತ ಕಬ್ಬಿಣ ಕೆಟ್ಟಿರುತ್ತದೆ, ಇಲ್ಲವೇ ಅವಸರದಲ್ಲಿ ಕೂಡಿಸಿದವರ ಕೈ ಕೆಟ್ಟಿರುತ್ತದೆ.

ಹಿತ್ತಾಳಿ, ಕಬ್ಬಿಣ ಒಂದಕ್ಕೊಂದು ತಾಗಿ ಕೂತಿರುವಾಗ ಅಲ್ಲಿ ತೇವ ಸೇರಿದರೆ ತಿನ್ನಿಸಿಕೊಳ್ಳುವುದು ಕಬ್ಬಿಣ. ಬ್ಯಾಟರಿಯೊಳಗೆ ನಡೆಯುವ ಕೆಲಸವೇ ಅಲ್ಲಿ ಸಣ್ಣಗೆ ನಡೆಯುತ್ತಿರುತ್ತದೆ. ಅಷ್ಟಗಲದ ಹಿತ್ತಾಳಿ ಪಟ್ಟಿಯ ನಡುವೆ ಕಡಲೆಕಾಳಿನಷ್ಟು ಕಬ್ಬಿಣದ ತಲೆ ಇದ್ದರೆ ಪೆಟ್ಟೆಲ್ಲ ಆ ತಲೆಗೇ. ನಮ್ಮ ಧಾರವಾಡದ ಮಳೆಗಾಲ ನಿಮಗೆ ಗೊತ್ತು, ಸುರಿಯುವುದಕ್ಕಿಂತ ಜಿಟಿಜಿಟಿ ಹಿಡಿಯುವುದೇ ಹೆಚ್ಚು. ನಾಲ್ಕೈದು ಮಳೆಗಾಲ ಕಳೆದರೆ ಸ್ಕ್ರೂ ತಲೆ ಉದುರುತ್ತದೆ, ಕಟ್ಟಿಗೆಯ ಒಗರಿನ ಜೊತೆ ತುಕ್ಕು ಸೇರಿ ಸುತ್ತಲೂ ಕಪ್ಪು ಕಲೆ ಹಬ್ಬುತ್ತದೆ. ಆ ಕಲೆ ರಂದಾ ಹೊಡೆದರೂ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಹಿತ್ತಾಳಿ ಬಿಜಾಗ್ರಿಗೆ ಹಿತ್ತಾಳಿ ಸ್ಕ್ರೂ. ಸಿಗದಿದ್ದರೆ ಒಳ್ಳೆಯ ಸ್ಟೇನ್‌ಲೆಸ್ ಸ್ಕ್ರೂ ನಡೆಯುತ್ತದೆ, ಬಣ್ಣ ಬೇರೆ ಕಾಣುತ್ತದೆ ಅಷ್ಟೇ.

ಇನ್ನು ಬಿಜಾಗ್ರಿಯೇ ಹಿತ್ತಾಳಿಯದೋ ಅಲ್ಲವೋ ನೋಡುವುದು. ಹಿತ್ತಾಳಿ ಅಂದರೆ ತಾಮ್ರ ಮತ್ತು ಸತು ಕೂಡಿಸಿ ಎರಕ ಹೊಯ್ದದ್ದು. ಬಾಗಿಲ ಸಾಮಾನಿಗೆ ಬರುವುದರಲ್ಲಿ ಸುಮಾರು 60 ಪಾಲು ತಾಮ್ರ, ಉಳಿದದ್ದು ಹೆಚ್ಚಾಗಿ ಸತು. ಲೇಥಿನಲ್ಲಿ ಸಲೀಸಾಗಿ ಕಡೆಯಲಿ ಅಂತ ಸ್ವಲ್ಪ ಸೀಸವನ್ನೂ ಸೇರಿಸಿರುತ್ತಾರೆ. ತುಟ್ಟಿ ಇರುವುದು ತಾಮ್ರ. ಅದಕ್ಕೇ ಪೇಟೆಯಲ್ಲಿ ಬರೀ ಸತುವಿನ ಎರಕಕ್ಕೆ ಹಳದಿ ನೀರು ಕುಡಿಸಿ ‘ಹಿತ್ತಾಳಿ ಫಿನಿಶ್’ ಅಂತ ಮಾರುತ್ತಾರೆ. ‘ಫಿನಿಶ್’ ಅನ್ನುವ ಮಾತು ಕಿವಿಗೆ ಬಿದ್ದರೆ ಎಚ್ಚರ ಇರಲಿ. ಅಂಗಡಿಯವ ಸುಳ್ಳು ಹೇಳಿಲ್ಲ, ನೀವು ಪೂರ್ತಿ ಕೇಳಿಸಿಕೊಂಡಿಲ್ಲ.

ಮಾಳಮಡ್ಡಿಯಲ್ಲಿ ರಿಟೈರಾದ ಮಾಸ್ತರರೊಬ್ಬರ ಮನೆಗೆ ಮುಂಬಾಗಿಲು ಮಾಡುತ್ತಿದ್ದೆ. ಚಿಲಕ, ಹಿಡಿಕೆ ಎಲ್ಲ ಅವರೇ ಹುಬ್ಬಳ್ಳಿಗೆ ಹೋಗಿ ತಂದಿದ್ದರು.

“ಎಷ್ಟು ಛಂದ ಹೊಳೀಲಿಕ್ಕತ್ತದ ನೋಡು. ಇನ್ನೇನ್ ಬೇಕು?”

“ಹೊಳಪು ನೋಡಬ್ಯಾಡ್ರಿ ಮಾಸ್ತರ, ಎತ್ತಿ ನೋಡ್ರಿ.”

ಎತ್ತಿ ನೋಡಿದರು, ಮುಖ ಸಣ್ಣದಾಯಿತು. ಅಷ್ಟುದ್ದದ ಹಿಡಿಕೆ ಕೈಯಲ್ಲಿ ಭಾರವೇ ಹತ್ತಲಿಲ್ಲ. ಸ್ಕ್ರೂ ತೂತಿನ ಒಳಬದಿಗೆ, ಹೊರಗೆ ಕಾಣದ ಕಡೆ, ಅರದಿಂದ ಎರಡೇ ಎಳೆ ಎಳೆದೆ. ಹಳದಿ ಹೋಗಿ ಬೂದಿ ಬಣ್ಣ ಬಂತು. ಅಸಲಿ ಹಿತ್ತಾಳಿಯಾದರೆ ಎಷ್ಟು ಉಜ್ಜಿದರೂ ಒಳಗೂ ಹಳದಿಯೇ. ಮ್ಯಾಗ್ನೆಟ್ಟನ್ನೊಂದೇ ನಂಬಿದ್ದರೆ ಇಲ್ಲಿ ಮೋಸ ಹೋಗುತ್ತಿದ್ದೆ. ಸತುವಿಗೂ ಮ್ಯಾಗ್ನೆಟ್ ಹಿಡಿಯುವುದಿಲ್ಲ, ಅಲ್ಯುಮಿನಿಯಮ್ಮಿಗೂ ಹಿಡಿಯುವುದಿಲ್ಲ. ಕಬ್ಬಿಣದ ಕಳ್ಳನನ್ನು ಹಿಡಿಯಲು ಮಾತ್ರ ಅದು ಬೇಕು.

ಅರ ಹಾಕಿದರೆ ಅಂಗಡಿಯವ ವಾಪಸ್ ತಗೊಳ್ಳುವುದಿಲ್ಲ, ಅದೊಂದು ತಾಪತ್ರಯ. ಇದಕ್ಕೆ ಉಪಾಯ ಹೇಳಿಕೊಟ್ಟದ್ದು ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ ನನ್ನ ಮಗಳು. “ಅಪ್ಪಾ, ಯಾಕ ಸಾಮಾನು ಕೆಡಸ್ತಿ? ನೀರಾಗ ತೂಗೂಣು” ಅಂದಳು. ಅಡಿಗೆಮನೆಯ ಡಿಜಿಟಲ್ ತಕ್ಕಡಿ ತಂದು ಒಂದು ಚಿಲಕ ಇಟ್ಟಳು. 212 ಗ್ರಾಂ ಬಂತು. ಆಮೇಲೆ ಚಿಲಕ ತೆಗೆದು, ಅರ್ಧ ನೀರು ತುಂಬಿದ ತಂಬಿಗೆ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತಂದಳು. ಚಿಲಕಕ್ಕೆ ದಾರ ಕಟ್ಟಿ, ಪೂರ್ತಿ ಮುಳುಗುವ ಹಾಗೆ, ಆದರೆ ತಳಕ್ಕೂ ಗೋಡೆಗೂ ತಾಗದ ಹಾಗೆ ನೀರಿನಲ್ಲಿ ತೂಗುಬಿಟ್ಟಳು. ತಕ್ಕಡಿ 25 ತೋರಿಸಿತು, ಚಿಲಕ ಸರಿಸಿದ ನೀರಿನ ತೂಕ ಅದು. 212ನ್ನು 25ರಿಂದ ಭಾಗಿಸಿದರೆ 8.48, ಅಂದರೆ ಅಷ್ಟೇ ಜಾಗದ ನೀರಿಗಿಂತ ಚಿಲಕ ಅಷ್ಟು ಪಟ್ಟು ಭಾರ. ಹಿತ್ತಾಳಿ 8.4, 8.5ರ ಆಸುಪಾಸು ಬರಬೇಕು, ಬಂತು. ಸತುವಿನ ಎರಕವಾದರೆ 6.6ರ ಹತ್ತಿರ ನಿಲ್ಲುತ್ತದೆ, ಕಬ್ಬಿಣ 7.8, ಅಲ್ಯುಮಿನಿಯಮ್ 2.7. ಮನೆಯಲ್ಲಿ ಮಾಡಿ ನೋಡುವವರಿಗೆ ಮೂರು ಮಾತು. ಸಾಮಾನು ಇನ್ನೂರು ಗ್ರಾಮಿನ ಮೇಲಿರಲಿ, ಸಣ್ಣ ತುಂಡಿಗೆ ಒಂದು ಗ್ರಾಂ ಹೆಚ್ಚುಕಡಿಮೆಯಾದರೂ ಲೆಕ್ಕ ಹಳ್ಳ ಹಿಡಿಯುತ್ತದೆ. ನೀರಿನಲ್ಲಿ ಬಿಟ್ಟ ಮೇಲೆ ದಾರ ಅಲುಗಿಸಿ ಗುಳ್ಳೆ ಬಿಡಿಸಿ. ಒಳಗೆ ಪೊಳ್ಳಿರುವ ಹಿಡಿಕೆಗೆ ಈ ಲೆಕ್ಕ ಹಾಕಬೇಡಿ, ಒಳಗಿನ ಗಾಳಿಯೂ ಲೆಕ್ಕದಲ್ಲಿ ಸೇರಿಬಿಡುತ್ತದೆ.

ಮಾಸ್ತರರು ಮರುದಿನ ಹಿಡಿಕೆ ವಾಪಸ್ ಒಯ್ದರು. ತಗೊಂಡರೋ ಇಲ್ಲವೋ ಕೇಳಲಿಲ್ಲ, ಅರದ ಗುರುತು ನನ್ನದೇ ಇತ್ತಲ್ಲ.

ಬಿಜಾಗ್ರಿಯಲ್ಲಿ ಎರಡು ಜಾತಿ. ಒಂದು ತಗಡು ಮಡಚಿ ಕಡ್ಡಿಯ ಸುತ್ತ ಸುತ್ತಿದ್ದು, ಇನ್ನೊಂದು ದಪ್ಪ ಪಟ್ಟಿಯಿಂದ ಕೊರೆದದ್ದು. ಮಗ್ಗುಲಿನಿಂದ ನೋಡಿದರೆ ತಿಳಿಯುತ್ತದೆ. ತಗಡಿನದರಲ್ಲಿ ಸುರುಳಿ ಸುತ್ತಿದ ಕಡೆ ಸಂದು ಕಾಣುತ್ತದೆ. ಕಿಟಕಿಗೆ, ಕಪಾಟಿಗೆ ತಗಡಿನದು ಸಾಕು. ಬಾಗಿಲಿಗೆ ಬೇಡ, ಹಿತ್ತಾಳಿ ಮೆತ್ತಗಿನ ಲೋಹ, ಭಾರ ಬಿದ್ದ ಹಾಗೆ ಆ ಸುರುಳಿ ಬಾಯಿ ಬಿಡುತ್ತದೆ. ಬಿಜಾಗ್ರಿಯ ನಡುವಿನ ಕಡ್ಡಿಗೂ ಮ್ಯಾಗ್ನೆಟ್ ಹಿಡಿದು ನೋಡಿ. ಪಟ್ಟಿ ಹಿತ್ತಾಳಿ, ಕಡ್ಡಿ ಕಬ್ಬಿಣ ಅನ್ನುವ ಮಾಲು ಪೇಟೆ ತುಂಬ ಇದೆ. ಹಚ್ಚಡಕ್ಕೆ ಕಡ್ಡಿ ಸ್ಟೇನ್‌ಲೆಸ್ ಇದ್ದರೆ ಒಳ್ಳೆಯದೇ, ಸವೆಯುವುದು ಕಡಿಮೆ.

ಹಚ್ಚಡ ಅಂದರೆ ನಮ್ಮಲ್ಲಿ ಹೊದಿಯುವ ಹಚ್ಚಡವೂ ಹೌದು. ಮುಂಬಾಗಿಲಿನ ದಪ್ಪ ಕದಕ್ಕೆ ನಮ್ಮಪ್ಪ ಇಟ್ಟ ಹೆಸರು ಅದು. “ಹಚ್ಚಡ ಎತ್ಲೇ” ಅಂದರೆ ಇಬ್ಬರು ಓಡಿ ಬರಬೇಕು. ಮೂರೂವರೆ ಫೂಟು ಅಗಲ, ಏಳು ಫೂಟು ಎತ್ತರದ, ಒಂದೂವರೆ ಇಂಚು ದಪ್ಪದ ಸಾಗವಾನಿ ಕದ ಐವತ್ತು ಕೆಜಿಗೆ ಕಡಿಮೆ ತೂಗುವುದಿಲ್ಲ. ಅದಕ್ಕೆ ಐದಿಂಚಿನ ಬಿಜಾಗ್ರಿ ನಾಲ್ಕು ಹಾಕುತ್ತೇನೆ. ಒಳಗಿನ ಹಗುರ ಬಾಗಿಲಿಗೆ ನಾಲ್ಕಿಂಚಿನವು ಮೂರು ಸಾಕು. ನಾಲ್ಕನೆಯದನ್ನು ನಡುವೆ ಹಾಕುವುದಕ್ಕಿಂತ ಮೇಲಿನದರ ಕೆಳಗೇ ಒಂದು ಗೇಣು ಬಿಟ್ಟು ಹಾಕಿ. ಬಾಗಿಲು ತನ್ನ ಭಾರಕ್ಕೆ ಜಗ್ಗುವುದು ಮೇಲಿನ ಬಿಜಾಗ್ರಿಯನ್ನೇ.

ಕೂಡಿಸುವಾಗ ಮೊದಲು ಬಿಜಾಗ್ರಿಯನ್ನು ಕದದ ಅಂಚಿಗೆ ಇಟ್ಟು ಚಾಕುವಿನಿಂದ ಸುತ್ತ ಗೀರಿ. ಪೆನ್ಸಿಲ್ ಗೆರೆ ದಪ್ಪ, ಅರ್ಧ ಮಿಲಿಮೀಟರ್ ಅಲ್ಲೇ ತಪ್ಪುತ್ತದೆ. ಉಳಿ, ಕೊಡತಿ ತಗೊಂಡು ಕಚ್ಚು ಹೊಡೆಯಿರಿ. ಕಚ್ಚಿನ ಆಳ ಪಟ್ಟಿಯ ದಪ್ಪದಷ್ಟೇ ಇರಬೇಕು, ಬೆರಳಾಡಿಸಿದರೆ ಕಟ್ಟಿಗೆ ಮುಗಿದು ಹಿತ್ತಾಳಿ ಶುರುವಾದದ್ದು ಗೊತ್ತಾಗಬಾರದು. ಆಳ ಹೆಚ್ಚಾದರೆ ಬಾಗಿಲು ಮುಚ್ಚುವಾಗ ಕಟ್ಟಿಗೆಗೆ ಕಟ್ಟಿಗೆ ಒತ್ತಿ ಸ್ಕ್ರೂಗಳನ್ನು ಹೊರಗೆ ಜಗ್ಗುತ್ತದೆ. ಹಾಗೇನಾದರೂ ಆದರೆ ಹಿಂದೆ ಒಂದು ಪೋಸ್ಟ್‌ಕಾರ್ಡ್ ತುಂಡು ಇಟ್ಟು ಎತ್ತರಿಸಿ, ನಾಚಿಕೆ ಪಡಬೇಕಾಗಿಲ್ಲ, ನಾವೂ ಇಡುತ್ತೇವೆ.

ಆಮೇಲೆ ತೂತು. ಇಲ್ಲಿ ಗಿರಮಿಟ್ಟು ಬೇಕು. ತಿನ್ನುವ ಗಿರಮಿಟ್ ಅಲ್ಲ, ಅದು ಸಂಜೆಗೆ. ಎಂಟು ನಂಬರ್ ಸ್ಕ್ರೂಗೆ ಸಾಗವಾನಿಯಲ್ಲಿ 3 ಮಿಲಿಮೀಟರ್ ತೂತು ಹಾಕುತ್ತೇನೆ, ಸ್ಕ್ರೂ ಎಷ್ಟುದ್ದವೋ ಅಷ್ಟಾಳ. ಡ್ರಿಲ್ ಬಿಟ್ಟಿಗೆ ಆಳದ ಗುರುತಿಗೆ ಟೇಪು ಸುತ್ತಿಕೊಳ್ಳಿ. ತೂತು ಹಾಕಿದ ಕೂಡಲೇ ಹಿತ್ತಾಳಿ ಸ್ಕ್ರೂ ಬಿಡಬೇಡಿ. ಅದೇ ನಂಬರಿನ, ಅದೇ ಉದ್ದದ ಕಬ್ಬಿಣದ ಸ್ಕ್ರೂ ಒಂದನ್ನು ಪೂರ್ತಿ ತಿರುವಿ, ವಾಪಸ್ ಬಿಚ್ಚಿ. ಕಟ್ಟಿಗೆಯಲ್ಲಿ ಹಾದಿ ಕೊರೆಯುವ ಕೆಲಸ ಅದರದ್ದು. ಹಾದಿಯಾದ ಮೇಲೆ ಹಿತ್ತಾಳಿ ಸ್ಕ್ರೂವನ್ನು ಮೇಣದಬತ್ತಿಗೆ ಒಮ್ಮೆ ಉಜ್ಜಿ, ಕೈಯಿಂದಲೇ ತಿರುವಿ. ಸಾಬೂನು ಹಚ್ಚುವವರಿದ್ದಾರೆ, ಸಾಬೂನು ತೇವ ಎಳೆಯುತ್ತದೆ, ಬೇಡ. ಬ್ಯಾಟರಿ ಡ್ರಿಲ್ಲಿನಿಂದ ಹಿತ್ತಾಳಿ ಸ್ಕ್ರೂ ಬಿಗಿಯುವ ಹುಡುಗರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆ ಸಿಟ್ಟು ನನ್ನ ಮೇಲಿನದೇ. ಕಾಮನಕಟ್ಟಿಯ ಹಳೆಯ ವಾಡೆಯೊಂದರಲ್ಲಿ, ಹೊಸದಾಗಿ ಡ್ರಿಲ್ ಮಷೀನು ಕೊಂಡ ಹುರುಪಿನಲ್ಲಿ, ಒಂದೇ ಮಧ್ಯಾಹ್ನ ಐದು ಸ್ಕ್ರೂಗಳ ತಲೆ ಮುರಿದೆ. ಹಳೆಯ ಸಾಗವಾನಿ ಚೌಕಟ್ಟು ಕಲ್ಲಿನ ಹಾಗೆ ಇತ್ತು. ಸ್ಕ್ರೂ ಮುಕ್ಕಾಲು ಇಳಿಯಿತು, ಆಮೇಲೆ ಕೈಗೆ ಒಮ್ಮೆಲೇ ಸಡಿಲ ಅನ್ನಿಸಿತು. ಹಿತ್ತಾಳಿ ಮುರಿಯುವಾಗ ಸಪ್ಪಳ ಮಾಡುವುದಿಲ್ಲ, ಬೆಣ್ಣೆಯ ಹಾಗೆ ತಿರುಗಿ ತಲೆ ಕೈಗೆ ಬರುತ್ತದೆ. ಮನೆಯೊಡತಿ ಬಾಯಾರು ಚಹಾ ತಂದು ಇಟ್ಟರು, ಐದು ತಲೆಗಳನ್ನೂ ತಟ್ಟೆಯಲ್ಲಿ ಸಾಲಾಗಿ ಇಟ್ಟದ್ದನ್ನು ನೋಡಿದರು, ಏನೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಮುರಿದ ಸ್ಕ್ರೂ ತೆಗೆಯುವ ದಾರಿಯನ್ನು ಅಪ್ಪ ಅವತ್ತು ಸಂಜೆ ತೋರಿಸಿದ. ಕೆಟ್ಟ ಛತ್ರಿಯ ನಡುಗೋಲು ಇರುತ್ತದಲ್ಲ, ತೆಳು ಉಕ್ಕಿನ ಕೊಳವೆ, ಅದರ ಎರಡಿಂಚು ತುಂಡು ಕತ್ತರಿಸಿ ತುದಿಗೆ ಅರದಿಂದ ಗರಗಸದ ಹಾಗೆ ಹಲ್ಲು ಮಾಡಿದ. ಅದನ್ನು ಡ್ರಿಲ್ಲಿಗೆ ಸಿಕ್ಕಿಸಿ, ಮುರಿದ ಸ್ಕ್ರೂ ನಡುವೆ ಬರುವ ಹಾಗೆ ಇಟ್ಟು ಮೆಲ್ಲಗೆ ಕೊರೆದರೆ ಸುತ್ತಲಿನ ಕಟ್ಟಿಗೆ ಸಮೇತ ಸ್ಕ್ರೂ ಹೊರಗೆ ಬರುತ್ತದೆ. ಆ ತೂತಿಗೆ ಸಾಗವಾನಿಯದೇ ಬೆಣೆ ಅಂಟು ಹಚ್ಚಿ ಹೊಡೆದು, ಒಂದು ರಾತ್ರಿ ಬಿಟ್ಟು, ಸಮ ಮಾಡಿ, ಮತ್ತೆ 3 ಮಿಲಿಮೀಟರ್ ತೂತು. ಐದು ಸ್ಕ್ರೂಗೆ ಎರಡು ದಿನ ಹೋಯಿತು. ಪಗಾರ ಕೇಳಲಿಲ್ಲ.

ಸ್ಕ್ರೂಡ್ರೈವರಿನ ಬಾಯಿ ಸ್ಕ್ರೂ ಗೀರಿನ ಅಗಲಕ್ಕೆ ಸರಿಯಾಗಿ ಕೂಡಬೇಕು, ಸಣ್ಣದು ಹಾಕಿದರೆ ಗೀರು ಹರಿದುಹೋಗುತ್ತದೆ. ಎಲ್ಲ ಬಿಗಿದಾದ ಮೇಲೆ ಗೀರುಗಳೆಲ್ಲ ಮೇಲಿಂದ ಕೆಳಗೆ ಒಂದೇ ನೇರಕ್ಕೆ ನಿಲ್ಲಬೇಕು ಅನ್ನುವುದು ಅಪ್ಪನ ಹಟ. ಅಡ್ಡ ನಿಂತರೆ ಗೀರಿನಲ್ಲಿ ಧೂಳು ಕೂಡುತ್ತದೆ ಅನ್ನುತ್ತಿದ್ದ. ಧೂಳು ನೆಪ, ನೋಡಲಿಕ್ಕೆ ಛಂದ ಅನ್ನುವುದೇ ನಿಜ.

ಬಿಜಾಗ್ರಿಯ ನಡುವಿನ ಕಡ್ಡಿಗೆ ಒಂದು ಹನಿ ಮಷೀನ್ ಎಣ್ಣೆ ಬಿಡಿ. ಬಿಜಾಗ್ರಿಯ ಕೆಳಗೆ ಕಪ್ಪು ಪುಡಿ ಉದುರಿದ್ದು ಕಂಡರೆ ಲೋಹ ಸವೆಯುತ್ತಿದೆ ಅಂತ ಅರ್ಥ, ಆವಾಗ ಎಣ್ಣೆಗೆ ತಡ ಮಾಡಬೇಡಿ. ಅಡಿಗೆ ಎಣ್ಣೆ ಬಿಟ್ಟರೆ ವರ್ಷದೊಳಗೆ ಅಂಟಾಗಿ ಕೂತುಬಿಡುತ್ತದೆ.

ನವಲಗುಂದ, ಅಣ್ಣಿಗೇರಿ, ಗದಗ ಕಡೆಯವರಿಗೆ ಇನ್ನೊಂದು ಮಾತು. ನಿಮ್ಮದು ಎರಿ ಭೂಮಿ. ಮಳೆಗೆ ಉಬ್ಬುತ್ತದೆ, ಬ್ಯಾಸಿಗೆಗೆ ಬಿರಿಯುತ್ತದೆ, ಅದರ ಮೇಲಿನ ಮನೆಯೂ ಸ್ವಲ್ಪ ಅಲುಗುತ್ತದೆ. ಜನವರಿಯಲ್ಲಿ ಸರಿಯಾಗಿ ಕೂತ ಚಿಲಕ ಆಗಸ್ಟಿನಲ್ಲಿ ತೂತಿಗೆ ಸೇರುವುದಿಲ್ಲ. ಆಗ ಮನೆಯವರು ಏನು ಮಾಡುತ್ತಾರೆ, ಕಲ್ಲಿನಿಂದ ಹೊಡೆಯುತ್ತಾರೆ. ಕಬ್ಬಿಣದ ಚಿಲಕ ಆ ಪೆಟ್ಟು ತಾಳಿಕೊಳ್ಳುತ್ತದೆ, ಹಿತ್ತಾಳಿಯದು ಬಾಗುತ್ತದೆ. ಅದಕ್ಕೆ ಆ ಕಡೆ ಕೆಲಸಕ್ಕೆ ಹೋದಾಗ ಚಿಲಕ ಸೇರುವ ತೂತನ್ನು ಮೇಲೆ ಕೆಳಗೆ ಎರಡೆರಡು ಮಿಲಿಮೀಟರ್ ಉದ್ದ ಮಾಡಿ ಬಿಡುತ್ತೇನೆ. ಬಾಗಿಲು ಸ್ವಲ್ಪ ಗಡಗಡ ಅನ್ನುತ್ತದೆ, ಅನ್ನಲಿ.

ಎಲ್ಲ ಕಡೆಗೂ ಹಿತ್ತಾಳಿ ಬೇಕು ಅನ್ನುವವರನ್ನು ನಾನೇ ತಡೆಯುತ್ತೇನೆ. ರಸ್ತೆ ಬದಿಯ ಗೇಟಿಗೆ ಬೇಡ, ಗುಜರಿಯಲ್ಲಿ ಕೆಜಿ ಲೆಕ್ಕದಲ್ಲಿ ಹೋಗುವ ಮಾಲು ಅದು, ರಾತ್ರೋರಾತ್ರಿ ಮಾಯ. ದನದ ಕೊಟ್ಟಿಗೆಗೆ, ಯೂರಿಯಾ ಚೀಲ ಒಟ್ಟುವ ಕೋಣೆಗೆ ಕೂಡ ಬೇಡ. ಅಣ್ಣಿಗೇರಿ ಹತ್ತಿರದ ಹಳ್ಳಿಯೊಂದರಲ್ಲಿ ತೊಟ್ಟಿಲಿಗೆ ಕಟ್ಟುವಂಥ ಹಿತ್ತಾಳಿ ಸರಪಳಿಯನ್ನೇ ಕೊಟ್ಟಿಗೆಯ ಬಾಗಿಲಿಗೆ ಹಾಕಿದ್ದರು. ಕೊಂಡಿಗಳಲ್ಲಿ ಕೂದಲೆಳೆಯಂಥ ಬಿರುಕು, ಜಗ್ಗಿದರೆ ಪಟ್ ಅಂತು. ದನದ ಗಂಜಲದಿಂದ ಏಳುವ ಅಮೋನಿಯಾ ಹಿತ್ತಾಳಿಗೆ ವಿಷ. ಬಾಗಿಸಿ, ಬಡಿದು ಮಾಡಿದ ಸಾಮಾನಿನಲ್ಲಿ ಒಳಗೇ ಒಂದು ಬಿಗಿ ಉಳಿದಿರುತ್ತದೆ, ಅಮೋನಿಯಾ ಹಿಡಿದು ತೇವವೂ ಸೇರಿದರೆ ಆ ಬಿಗಿ ಇದ್ದಲ್ಲೇ ಬಿರಿಯುತ್ತದೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ದಂಡಿನ ಹಿತ್ತಾಳಿ ತೋಟಾಗಳು ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಟ್ಟಲ್ಲೇ ಬಿರಿಯುತ್ತಿದ್ದವಂತೆ, ಕಾರಣ ಅಮೋನಿಯಾ ಅಂತ ಗಟ್ಟಿಯಾದದ್ದು 1921ರಲ್ಲಿ. ಇದೂ ಮಗಳು ಓದಿ ಹೇಳಿದ್ದೇ. ನೆಲ ಒರೆಸುವ, ಗಾಜು ಒರೆಸುವ ದ್ರವಗಳಲ್ಲೂ ಕೆಲವಕ್ಕೆ ಅಮೋನಿಯಾ ಹಾಕಿರುತ್ತಾರೆ, ಮೂಗಿಗೆ ಘಾಟು ಹೊಡೆದರೆ ಅದನ್ನು ಹಿತ್ತಾಳಿಗೆ ಮುಟ್ಟಿಸಬೇಡಿ.

ನೀರಿನ ಕಡೆಯದು ನನ್ನ ಕಸುಬಲ್ಲ, ಆದರೂ ನೋಡಿದ್ದು ಹೇಳುತ್ತೇನೆ. ಸ್ಟೀಲಿನ ಹಾಗೆ ಹೊಳೆಯುವ ಒಳ್ಳೆಯ ನಳಗಳು ಒಳಗೆ ಹಿತ್ತಾಳಿಯೇ, ಮೇಲೆ ಕ್ರೋಮಿನ ಲೇಪ. ಕೈಗೆ ಭಾರ ಹತ್ತಬೇಕು, ಅಲ್ಲೂ ಅದೇ ಪರೀಕ್ಷೆ. ಪ್ಲಾಸ್ಟಿಕ್ ಪೈಪಿಗೆ ನಳ ಕೂಡಿಸುವಲ್ಲಿ ಹಿತ್ತಾಳಿ ಆಟೆ, ಅಂದರೆ ತಿರುವಿ ಬಿಗಿಯುವ ಸುರುಳಿ ಗೀರು, ಇರುವ ಜೋಡಣೆಯನ್ನೇ ಕೇಳಿ ತಗೊಳ್ಳಿ, ಬರೀ ಪ್ಲಾಸ್ಟಿಕ್ ಆಟೆ ನಳ ಬಿಗಿಯುವಾಗ ಸೀಳುತ್ತದೆ. ಮಲಪ್ರಭಾ ನೀರು ಬರುವ ದಿನ ಬಿಟ್ಟರೆ ನಮ್ಮಲ್ಲಿ ಬಹಳ ಓಣಿಗಳಿಗೆ ಬೋರಿನ ನೀರೇ ಗತಿ. ಉಪ್ಪಿನ ನೀರು ದಿನಗಟ್ಟಲೆ ನಿಂತಲ್ಲಿ ಹಿತ್ತಾಳಿಯೊಳಗಿನ ಸತು ಮೆಲ್ಲಗೆ ಕರಗಿ ಹೋಗಿ, ತಾಮ್ರ ಜಾಳುಜಾಳಾಗಿ ಉಳಿಯುತ್ತದೆ. ಹಳೆಯ ವಾಲ್ವ್ ಬಿಚ್ಚಿದಾಗ ಒಳಗೆ ಗುಲಾಬಿ ಬಣ್ಣ ಕಂಡರೆ ಅದು ಮುಗಿಯಿತು, ಮತ್ತೆ ಬಿಗಿಯಲು ಹೋಗಬೇಡಿ, ಕೈಯಲ್ಲೇ ಬಿಸ್ಕೀಟಿನ ಹಾಗೆ ಮುರಿಯುತ್ತದೆ. ಸೀಸದ ಮಾತು ಆಗಲೇ ಹೇಳಿದೆನಲ್ಲ, ಅದಕ್ಕೆ ಮುಂಜಾನೆ ನಳದ ಮೊದಲ ಒಂದೆರಡು ತಂಬಿಗೆ ನೀರನ್ನು ಗಿಡಕ್ಕೆ ಹಾಕಿ, ಕುಡಿಯಲಿಕ್ಕೆ ಆಮೇಲಿನದನ್ನು ಹಿಡಿಯಿರಿ.

ಹೊಳಪಿನ ವಿಷಯ. ಹೊಸ ಸಾಮಾನಿನ ಮೇಲೆ ಬಹಳ ಸಲ ಲ್ಯಾಕರ್, ಅಂದರೆ ಬಣ್ಣವಿಲ್ಲದ ತೆಳು ವಾರ್ನಿಶ್, ಬಳಿದಿರುತ್ತಾರೆ, ಅದು ಇರುವ ತನಕ ಒದ್ದೆ ಬಟ್ಟೆಯೊಂದೇ ಸಾಕು. ಅದರ ಮೇಲೆ ಹುಣಸಿಹಣ್ಣು ತಿಕ್ಕಿದರೆ ಲ್ಯಾಕರ್ ಅಲ್ಲಲ್ಲಿ ಎದ್ದು ತೊನ್ನು ಹತ್ತಿದ ಹಾಗೆ ಕಾಣುತ್ತದೆ. ಲ್ಯಾಕರ್ ಇಲ್ಲದ್ದಕ್ಕೆ ಹುಣಸಿಹಣ್ಣು, ಚೂರು ಉಪ್ಪು ನಡೆಯುತ್ತದೆ, ಆದರೆ ಹಚ್ಚಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ಹುಳಿ ಹೆಚ್ಚು ಹೊತ್ತು ಕೂತರೆ ಮೇಲ್ಮೈ ಕೆಂಪಾಗುತ್ತದೆ. ಬೋಗುಣಿಯಾದರೆ ತೊಳೆದುಬಿಡಬಹುದು, ಬಾಗಿಲಿನ ಹಿಡಿಕೆಯ ಸಂದಿಯಲ್ಲಿ ಇಳಿದ ಹುಳಿ, ಉಪ್ಪನ್ನು ಯಾರೂ ತೊಳೆಯುವುದಿಲ್ಲ, ಆರು ತಿಂಗಳಿಗೆ ಅಲ್ಲಿಂದ ಹಸಿರು ಕಿಲುಬು ಏಳುತ್ತದೆ. ಆಗುವುದಾದರೆ ಹಿಡಿಕೆ ಬಿಚ್ಚಿಯೇ ತೊಳೆಯಿರಿ, ಒರೆಸಿ, ಬಿಸಿಲಿಗೆ ಇಟ್ಟು, ತೆಳ್ಳಗೆ ಮೇಣ ಉಜ್ಜಿ. ಬಿಚ್ಚುವುದು ಆಗದಿದ್ದರೆ ಅಂಗಡಿಯ ಪಾಲಿಶನ್ನು ಬಟ್ಟೆಗೆ ಹಚ್ಚಿಕೊಂಡು ಉಜ್ಜಿ, ನೇರ ಹಿಡಿಕೆಯ ಮೇಲೆ ಸುರಿಯಬೇಡಿ.

ಪಾಲಿಶ್ ಕಟ್ಟಿಗೆಗೆ ತಾಗಿದರೆ ಹಿಡಿಕೆಯ ಸುತ್ತ ಬಿಳಿ ಕರೆ ಕೂತುಬಿಡುತ್ತದೆ. ಕಾಮನಕಟ್ಟಿಯ ಆ ಬಾಯಾರು ಇದಕ್ಕೆ ಹಳೆಯ ಲಗ್ನಪತ್ರಿಕೆ ಉಪಯೋಗಿಸುತ್ತಾರೆ. ದಪ್ಪ ಕಾಗದ, ಮೇಲೆ ನುಣುಪು. ಹಿಡಿಕೆಯ ಪಟ್ಟಿಯ ಆಕಾರಕ್ಕೆ ನಡುವೆ ಕತ್ತರಿಸಿ, ಒಂದು ಬದಿ ಸೀಳಿಕೊಂಡು, ಸುತ್ತ ಸಿಕ್ಕಿಸಿ ಉಜ್ಜುತ್ತಾರೆ. ಮುಂಬಾಗಿಲಿನದು, ದೇವರಮನೆಯದು, ಕಪಾಟಿನದು ಅಂತ ಹಿಂದೆ ಬರೆದು, ದಸರೆಯಿಂದ ದಸರೆಗೆ ಹೊಲಿಗೆ ಮಷೀನಿನ ಡ್ರಾವರಿನಲ್ಲಿ ಇಟ್ಟಿರುತ್ತಾರೆ.